ಹೊಂಡಕ್ಕೆ ಬೆಲ್ಲ ಉಣಿಸಿದ ದಿನಗಳು

ಗೌಡಸಾನಿಯವರು ಒಂದು ಮಧ್ಯಾಹ್ನ ನನ್ನ ಹೊಲಿಗೆ ಅಂಗಡಿಗೆ ಬಂದು, ಜಂಪರಿನ ಅಳತೆ ಕೊಡುವುದನ್ನು ಬಿಟ್ಟು, ಸೀಗಡಿ ಅಂದರೆ ನೋಡಲು ಹೇಗಿರುತ್ತದೆ ಎಂದು ಕೇಳಿದರು. ನಾನು ಕತ್ತರಿ ಕೆಳಗಿಟ್ಟೆ.

ಶಿರಹಟ್ಟಿಯಲ್ಲಿ ನಾನು ಇಪ್ಪತ್ತು ವರ್ಷಗಳಿಂದ ಹೆಂಗಸರ ಬಟ್ಟೆ ಹೊಲಿಯುತ್ತಿದ್ದೇನೆ. ಅವರು ಲಕ್ಷ್ಮೇಶ್ವರದ ದಾರಿಯಲ್ಲಿರುವ ಒಂದು ಹಳ್ಳಿಯ ಗೌಡರ ಹೆಂಡತಿ. ಅವರ ಮನೆಯಲ್ಲಿ ಮೊಟ್ಟೆಯ ಹೆಸರು ಎತ್ತಿದರೂ ಬಾಯಿ ಮುಕ್ಕಳಿಸುತ್ತಾರೆ. ಇಂಥವರು ಸೀಗಡಿಯ ಬಗ್ಗೆ ಕೇಳಿದರೆ ಯಾರಿಗಾದರೂ ಗಾಬರಿಯೇ.

"ನೀವು ತಿನ್ನೋ ಮಂದಿ, ನಿನಗ ಗೊತ್ತಿರಬೇಕಲ್ಲ ತಂಗಿ" ಎಂದರು.

ಖರೆ ಹೇಳಬೇಕೆಂದರೆ ನನಗೆ ಗೊತ್ತಿದ್ದದ್ದು ಒಣ ಸೀಗಡಿ ಮಾತ್ರ. ನಮ್ಮ ಯಜಮಾನರು ಗದಗ-ಬೆಟಗೇರಿಗೆ ತರಕಾರಿ ಟೆಂಪೊ ಓಡಿಸುತ್ತಾರೆ. ಬರುವಾಗ ಒಮ್ಮೊಮ್ಮೆ ಹಾಳೆಯಲ್ಲಿ ಕಟ್ಟಿಸಿಕೊಂಡು ತರುತ್ತಾರೆ. ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಕುಟ್ಟಿದರೆ ನಾಲ್ಕು ದಿನದ ಚಟ್ನಿ. ಜೀವಂತ ಸೀಗಡಿಯನ್ನು ನಾನು ಕಂಡಿರಲಿಲ್ಲ. ಆದರೆ ಗೌಡಸಾನಿಯವರು ನನ್ನಲ್ಲಿ ವಿದ್ಯೆ ಕೇಳಿಕೊಂಡು ಬರುವುದು ಇನ್ಯಾವಾಗ? ಅವರದೇ ಜಂಪರಿನ ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಒಂದನ್ನು ಬರೆದೇಬಿಟ್ಟೆ. ಉದ್ದ ಮೀಸೆ, ತೋಚಿದಷ್ಟು ಕಾಲು, ಬಾಗಿದ ಬಾಲ. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಇದು ಚೇಳಲ್ಲೇನ?"

"ನೋಡಾಕ ಹಂಗ ಐತಿ ಅಕ್ಕಾರ. ಸ್ವಭಾವ ಹಂಗಿಲ್ಲ."

"ಹಂಗಾದ್ರ ಆತು" ಎಂದು ಅವರು ಆಗ ವಿಷಯಕ್ಕೆ ಬಂದರು.

ಅವರ ಹೊಲದ ಬೋರಿನ ನೀರು ಸವಳು, ಬಾಯಿಗಿಟ್ಟರೆ ಉಪ್ಪುಪ್ಪು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ, ಚಹಾ ಕುಡಿದ ಬೀಗರು ಎರಡನೇ ಸಲ ಚಹಾ ಕೇಳುವುದಿಲ್ಲ. ಆ ನೀರು ಹಾಯಿಸಿದ ಮೂಲೆಯಲ್ಲಿ ನೆಲ ಬೆಳ್ಳಗೆ ಬೂದಿ ಬಳಿದಂತಾಗಿತ್ತು. ಒಂದು ದಿನ ಮೀನುಗಾರಿಕೆಯ ಸಾಹೇಬರೊಬ್ಬರು, ಇನ್ನೂ ಚಿಕ್ಕ ವಯಸ್ಸಿನವರು, ಬೇರೆ ಯಾವುದೋ ಕೆಲಸಕ್ಕೆ ಬಂದವರು, ಬಾಯಾರಿ ಆ ನೀರನ್ನು ಕೇಳಿ ಕುಡಿದರು. ಕುಡಿದವರು ಉಗುಳುವ ಬದಲು ನಕ್ಕರಂತೆ. ಆ ನೀರು ಕುಡಿದು ನಕ್ಕವರನ್ನು ಗೌಡಸಾನಿಯವರು ಅಲ್ಲಿಯವರೆಗೆ ಕಂಡಿರಲಿಲ್ಲ. ಸಾಹೇಬರು ಒಂದು ಬಾಟಲಿ ತುಂಬಿಕೊಂಡು ಹೋಗಿ, ಪರೀಕ್ಷೆ ಮಾಡಿಸಿ, ಇದರಲ್ಲಿ ಸೀಗಡಿ ಬೆಳೆಸಬಹುದು, ಪರವಾನಗಿಯ ಕಾಗದ ನಾನು ಮಾಡಿಸಿಕೊಡುತ್ತೇನೆ ಎಂದರು. ಹೊಲದಲ್ಲಿ ಹಳೆಯ ಕೃಷಿಹೊಂಡ ಇತ್ತು. ಅದನ್ನೇ ಅಗಲ ಮಾಡಿದರೆ ಸಾಕು.

ಸೀಗಡಿ ಮರಿಗಳನ್ನು ಬಿಡುವ ಮೊದಲು ಹೊಂಡವನ್ನು ತಯಾರು ಮಾಡುವುದೇ ದೊಡ್ಡ ಕೆಲಸ ಎಂದು ಸಾಹೇಬರು ಹೇಳಿದ್ದರು. ಒಣಗಿಸಬೇಕು, ಸುಣ್ಣ ಹಾಕಬೇಕು, ನೀರು ಸೋಸಿ ತುಂಬಬೇಕು, ನೀರಿಗೆ ಬಣ್ಣ ಬರಿಸಬೇಕು. ಗೌಡಸಾನಿಯವರು ಇದನ್ನೆಲ್ಲ ಕೇಳಿ ತಮ್ಮೊಳಗೇ ಒಂದು ತೀರ್ಮಾನಕ್ಕೆ ಬಂದಿದ್ದರು.

"ಮಣ್ಣು, ಸುಣ್ಣ, ನೀರು. ಇದರಾಗ ಮೈಲಿಗಿ ಏನೈತಿ? ಮರಿ ಬೀಳೂತನಕ ಹೊಂಡ ನಂದು. ಮರಿ ಬಿದ್ದಮ್ಯಾಲೆ ನಿಂದು. ನಾ ದಂಡಿ ಮ್ಯಾಲೆ ನಿಂತು ನೋಡ್ತೀನಿ."

ಹೀಗೆ ನಾನು ಅರ್ಧ ಪಾಲುದಾರಳಾದೆ. ನಮ್ಮ ಯಜಮಾನರಿಗೆ ಹೇಳಿದಾಗ ಅವರು ನಗುತ್ತ ನಗುತ್ತ ಟೆಂಪೊದ ಬಾಗಿಲಿಗೆ ಒರಗಿಕೊಂಡರು. ಆಮೇಲೆ ತೌಡು, ಸುಣ್ಣ ಏನು ಬೇಕೋ ತಂದು ಹಾಕುತ್ತೇನೆ, ಆದರೆ ನನ್ನನ್ನು ನೀರಿಗೆ ಇಳಿಸಬೇಡ ಎಂದು ಒಪ್ಪಿಕೊಂಡರು.

ಹೊಂಡದ ತಳದ ನೀರನ್ನು ಪಂಪು ಹಚ್ಚಿ ಹೊರಗೆ ಹಾಕಿ ಬಿಸಿಲಿಗೆ ಬಿಟ್ಟೆವು. ನಮ್ಮದು ಎರೆಮಣ್ಣು, ಒಣಗಿದರೆ ಬಾಯಿ ಬಿಡುತ್ತದೆ. ಬಿರುಕಿನಲ್ಲಿ ಬೆರಳು ಇಳಿಯುವಷ್ಟು ಒಣಗಲಿ ಎಂದು ಸಾಹೇಬರು ಹೇಳಿದ್ದನ್ನು ಗೌಡಸಾನಿಯವರು ಅಕ್ಷರಶಃ ಹಿಡಿದರು. ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಹೊಂಡಕ್ಕೆ ಇಳಿದು ಬಿರುಕಿಗೆ ಬೆರಳು ಇಟ್ಟು ನೋಡುವುದು, ನನಗೆ ಫೋನು ಮಾಡುವುದು. ಇವತ್ತು ಉಗುರು ಹೋಯಿತು. ಇವತ್ತು ಒಂದು ಗೆಣ್ಣು ಹೋಯಿತು. ನನ್ನ ಅಂಗಡಿಗೆ ಬರುವ ಹೆಂಗಸರೆಲ್ಲ ಈ ಸುದ್ದಿಗೆ ಕಾಯತೊಡಗಿದರು. ಒಂದು ದಿನ ಫೋನಿನಲ್ಲಿ ದನಿ ಬಹಳ ಸಣ್ಣದಾಗಿತ್ತು. ಇಡೀ ಅಂಗೈ ಇಳಿದು, ತೆಗೆಯುವಾಗ ಎರಡು ಹಸಿರು ಬಳೆ ಒಳಗೇ ಉಳಿದವಂತೆ. ಗೌಡರಿಗೆ ಹೇಳಬೇಡ, ಅಂಥವೇ ಬೇರೆ ಬಳೆ ಕೊಂಡು ತಾ ಎಂದರು. ಅಳತೆ ನನಗೆ ಗೊತ್ತೇ ಇತ್ತು.

ಈ ಕೆಲಸ ಮೆಚ್ಚದವರು ಊರಲ್ಲಿ ಮುಖ್ಯವಾಗಿ ಒಬ್ಬರೇ. ಗೌಡಸಾನಿಯವರ ಮೈದುನ. ಊರವರು ಅವರನ್ನು ಸಣ್ಣಗೌಡ್ರು ಎನ್ನುತ್ತಾರೆ. ಐವತ್ತು ದಾಟಿದರೂ ಮೀಸೆಗೆ ವಾರಕ್ಕೊಮ್ಮೆ ಕರಿ ಹಚ್ಚುವವರು. ಗೌಡರ ಹೊಲದಲ್ಲಿ ಹುಳ ಸಾಕುತ್ತಾರೆ ಎಂದು ಚಹದ ಅಂಗಡಿಯಲ್ಲಿ ಕುಳಿತು ದಿನಾ ಹೇಳುವುದು, ಸಂಜೆಯಾದರೆ ಹೊಂಡದ ದಂಡೆಗೆ ಬಂದು ಸಲಹೆ ಕೊಡುವುದು, ಎರಡನ್ನೂ ಒಂದೇ ಶ್ರದ್ಧೆಯಿಂದ ಮಾಡುತ್ತಿದ್ದರು.

ಸುಣ್ಣ ಹಾಕುವ ದಿನವೂ ಬಂದರು. ನಾನು, ಗೌಡಸಾನಿಯವರು ಮತ್ತು ಇಬ್ಬರು ಕೂಲಿ ಹೆಂಗಸರು ಅಂಗಡಿಯಲ್ಲಿ ಉಳಿದ ಹೂವಿನ ಬಟ್ಟೆ ಮುಖಕ್ಕೆ ಕಟ್ಟಿಕೊಂಡು, ಪುಟ್ಟಿಯಲ್ಲಿ ಸುಣ್ಣದ ಪುಡಿ ತುಂಬಿಕೊಂಡು ನಿಂತಿದ್ದೆವು. ಗಾಳಿ ಪಡುವಣದಿಂದ ಬೀಸುತ್ತಿದೆ, ಮೂಡಲಿಗೆ ತೂರಿರಿ, ಇಷ್ಟೂ ತಿಳಿಯುವುದಿಲ್ಲವೇ ಎಂದು ಸಣ್ಣಗೌಡ್ರು ದಂಡೆಯಿಂದ ಕೂಗಿ ಹೇಳಿದರು. ಗೌಡಸಾನಿಯವರು ನನ್ನ ಕಡೆ ನೋಡಿದರು. ನಾನು ಅವರ ಕಡೆ ನೋಡಿದೆ. ಸಣ್ಣಗೌಡ್ರು ನಿಂತದ್ದು ಮೂಡಲ ದಂಡೆಯ ಮೇಲೆಯೇ. ಹಿರಿಯರ ಮಾತು ಮೀರಬಾರದೆಂದು ನಾಲ್ವರೂ ಒಟ್ಟಿಗೇ ತೂರಿದೆವು. ಬಿಳಿ ಮೋಡ ಎದ್ದು, ಇಳಿದು, ಆಮೇಲೆ ಅವರು ಕಾಣಿಸಿದಾಗ ಮೀಸೆ, ಹುಬ್ಬು, ಹೆಗಲು ಎಲ್ಲ ಅಪ್ಪಟ ಬೆಳ್ಳಗೆ.

"ಈಗ ನೋಡು, ನಿಮ್ಮಣ್ಣಗಿಂತ ನೀನ ಹಿರಿಯಾಂವ ಕಾಣ್ತಿ" ಎಂದರು ಗೌಡಸಾನಿಯವರು, ಮುಖದ ಬಟ್ಟೆಯನ್ನೂ ಸರಿಸದೆ.

ಅವರಿಗೆ ಮುಖ ತೊಳೆಯಲು ನೀರು ಕೊಟ್ಟವಳು ನಾನೇ. ಅದೂ ಸವಳು ನೀರು.

ನೀರು ತುಂಬುವಾಗ ನನ್ನ ಕಸುಬು ಕೆಲಸಕ್ಕೆ ಬಂತು. ಬೋರಿನ ನೀರು ಮೊದಲು ಒಂದು ತೆರೆದ ತೊಟ್ಟಿಗೆ ಬಿದ್ದು, ಅಲ್ಲಿಂದ ಎರಡು ಪೈಪುಗಳಲ್ಲಿ ಹೊಂಡಕ್ಕೆ ಹೋಗುತ್ತಿತ್ತು. ತೊಟ್ಟಿಯಲ್ಲಿ ಕಪ್ಪೆಗಳಿದ್ದವು. ಕಪ್ಪೆಯ ತತ್ತಿ, ಹುಳದ ತತ್ತಿ ಒಳಗೆ ಹೋಗದಂತೆ ಪೈಪಿನ ಬಾಯಿಗೆ ಸಣ್ಣ ಕಣ್ಣಿನ ಬಲೆಬಟ್ಟೆಯ ಚೀಲ ಕಟ್ಟಬೇಕೆಂದು ಸಾಹೇಬರು ಹೇಳಿದರು. ಅದನ್ನು ಕೊಂಡು ತರುವುದು ಯಾಕೆ, ನಾನೇ ಹೊಲಿಯುತ್ತೇನೆ ಎಂದೆ. ಎರಡು ಪೈಪು, ಎರಡು ಉದ್ದ ಚೀಲ, ಜಾರದಿರಲೆಂದು ಮೇಲೆ ಸೇರಿಸಿ ಒಂದು ಪಟ್ಟಿ. ನೀರು ಬಿಟ್ಟ ಕೂಡಲೇ ಎರಡೂ ಉಬ್ಬಿ ದಪ್ಪ ಕಾಲುಗಳಾದವು. ಹೊಂಡ ಪೈಜಾಮ ಹಾಕಿಕೊಂಡಿದೆ ಎಂಬ ಸುದ್ದಿ ಎಷ್ಟು ಬೇಗ ಹರಡಿತೆಂದರೆ, ಹಾದುಹೋಗುವ ಟ್ರ್ಯಾಕ್ಟರುಗಳು ನಿಂತು ನೋಡಿ ಹೋಗುತ್ತಿದ್ದವು. ಕೆಲಸ ಮಾತ್ರ ಅಚ್ಚುಕಟ್ಟಾಗಿ ಆಯಿತು. ಒಂದು ಕಪ್ಪೆಮರಿಯೂ ಒಳಗೆ ಹೋಗಲಿಲ್ಲ.

ಆಮೇಲೆ ಬ್ಲೀಚಿಂಗ್ ಪುಡಿ ಹಾಕಿ, ವಾಸನೆ ಹೋಗುವವರೆಗೆ ಕಾದೆವು. ನೀರಿಗೆ ಬೇಕಾದ ಖನಿಜದ ಪುಡಿಯನ್ನೂ ಸಾಹೇಬರು ಹೇಳಿದ ಲೆಕ್ಕದಲ್ಲಿ ಕದಡಿ ಹಾಕಿದೆವು. ಹೊಂಡದ ನೀರು ಈಗ ಗಾಜಿನಂತೆ ತಿಳಿಯಾಗಿ ತಳ ಕಾಣುತ್ತಿತ್ತು. ಗೌಡಸಾನಿಯವರು ಹೆಮ್ಮೆಯಿಂದ ತೋರಿಸಿದರು. ಸಾಹೇಬರು ತಲೆ ಅಲ್ಲಾಡಿಸಿದರು. ಇಷ್ಟು ತಿಳಿ ನೀರು ಅಂದರೆ ಖಾಲಿ ಅಡುಗೆಮನೆ ಇದ್ದಂತೆ, ಮರಿಗಳಿಗೆ ತಿನ್ನಲು ಏನೂ ಇಲ್ಲ. ನೀರಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಜೀವಗಳು ಹುಟ್ಟಬೇಕು, ನೀರು ಹಸಿರುಗಂದಾಗಬೇಕು. ಅದಕ್ಕೆ ಅಕ್ಕಿ ತೌಡು, ಬೆಲ್ಲ ಮತ್ತು ಬ್ರೆಡ್ಡಿಗೆ ಹಾಕುವ ಈಸ್ಟನ್ನು ನೀರಿನಲ್ಲಿ ಕಲಸಿ, ಎರಡು ದಿನ ಹುಳಿಬರಿಸಿ ಹೊಂಡಕ್ಕೆ ಹಾಕಬೇಕು ಎಂದರು.

ಬೇವಿನ ಮರದ ಕೆಳಗೆ ಮೂರು ನೀಲಿ ಡ್ರಮ್ಮು ಇಟ್ಟು ಕಲಸಿದೆವು. ಎರಡನೇ ದಿನಕ್ಕೆ ಒಳಗಿಂದ ಗುಳುಗುಳು ಸದ್ದು. ವಾಸನೆಯ ಬಗ್ಗೆ ಏನು ಹೇಳಲಿ? ಸಿಹಿ, ಹುಳಿ, ಸ್ವಲ್ಪ ಅಮಲು. ಗಾಳಿ ಬೀಸಿದ ಕಡೆಯ ಹೊಲಗಳಲ್ಲಿ ಕಳೆ ಕೀಳುವವರು ಕೈ ನಿಲ್ಲಿಸಿ ಮೂಗು ಮೇಲೆತ್ತುತ್ತಿದ್ದರು.

ಇನ್ನು ನನ್ನ ತಪ್ಪಿನ ಮಾತು. ಆ ಬೆಳಿಗ್ಗೆ ಸಣ್ಣಗೌಡ್ರು ಎಲ್ಲರೆದುರು ನನ್ನನ್ನು, ನಿಮ್ಮ ಹುಳಗಳಿಗೂ ಜಂಪರು ಹೊಲಿದುಕೊಡುತ್ತೀರೇನು, ಅಳತೆ ಹೇಗೆ ತೆಗೆಯುತ್ತೀರಿ ಎಂದು ಕೇಳಿ ನಗಿಸಿದ್ದರು. ಮಧ್ಯಾಹ್ನ ಅವರು ಒಬ್ಬರೇ ಡ್ರಮ್ಮಿನ ಹತ್ತಿರ ಬಂದು ಮುಚ್ಚಳದ ಸಂದಿಗೆ ಮೂಗು ಹಿಡಿದರು.

"ಏನೈತಿ ಇದರಾಗ?"

ನಾನು ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದೆ.

"ಯಾರ ಮುಂದೂ ಹೇಳಬ್ಯಾಡ್ರಿ. ಬೆಲ್ಲ, ತೌಡು, ಈಸ್ಟ್. ನಾಳೆ ಮುಂಜಾನೆಗೆ ಹದಕ್ಕ ಬರತೈತಿ."

ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ದನಿ ತಗ್ಗಿಸಿದ್ದೊಂದೇ ನಾನು ಸೇರಿಸಿದ್ದು.

ಸಂಜೆಯ ಹೊತ್ತಿಗೆ ಜನ ಬರತೊಡಗಿದರು. ಎಲ್ಲರೂ ಗಂಡಸರು. ಹೊಂಡ ನೋಡಲು ಬಂದೆವು ಎನ್ನುವುದು, ಹೊಂಡಕ್ಕೆ ಬೆನ್ನು ಹಾಕಿ ಬೇವಿನ ಮರ ನೋಡುವುದು. ಒಬ್ಬರು ಮಜ್ಜಿಗೆ ಸಿಗುತ್ತದೇನೋ ಎಂದು ಕ್ಯಾನು ಹಿಡಿದುಕೊಂಡೇ ಬಂದಿದ್ದರು. ಗೌಡಸಾನಿಯವರಿಗೆ ಸಂತೋಷವೋ ಸಂತೋಷ. ಬಂದವರನ್ನೆಲ್ಲ ಕೂರಿಸಿ, ಕಣ್ಣಿಗೆ ಕಾಣದ ಜೀವಗಳು ನೀರಿನಲ್ಲಿ ಹೇಗೆ ಹುಟ್ಟುತ್ತವೆ, ಮರಿಗಳು ಅವನ್ನು ಹೇಗೆ ತಿನ್ನುತ್ತವೆ ಎಂದು ಸಾಹೇಬರು ಹೇಳಿದ್ದನ್ನು ಒಪ್ಪಿಸುತ್ತಿದ್ದರು. ಒಬ್ಬ ಮನುಷ್ಯನಂತೂ ಒಂದು ತಾಸು ಕುಳಿತು ಎರಡು ಸಲ ಕೇಳಿಸಿಕೊಂಡ. ಊರಿನ ಜನಕ್ಕೆ ಹೊಸ ಕೆಲಸದ ಬಗ್ಗೆ ಎಷ್ಟು ಆಸ್ಥೆ ಬಂದಿದೆ ನೋಡು ಎಂದು ಅವರು ನನ್ನ ಕಿವಿಯಲ್ಲಿ ಹೇಳಿದಾಗ ನಾನು ಸೆರಗನ್ನು ಬಾಯಿಗೆ ಒತ್ತಿ ಕೆಮ್ಮಿದೆ.

ಮರುದಿನ ಬೆಳಿಗ್ಗೆ ಒಂದು ಡ್ರಮ್ಮು ನಾಲ್ಕು ಬೆರಳು ಇಳಿದಿತ್ತು. ಸಣ್ಣಗೌಡ್ರು ಚಹದ ಅಂಗಡಿಗೆ ಬಂದಿರಲಿಲ್ಲ. ಹೊಟ್ಟೆ ಕೆಟ್ಟು ಬೆಳಗಿನಿಂದ ಐದು ಸಲ ಒಳಗೆ ಹೊರಗೆ ಓಡಾಡಿದ್ದಾರೆ ಎಂದು ಅವರ ಮನೆಯಿಂದ ಸುದ್ದಿ ಬಂತು. ಹುಳಿಬಂದ ತೌಡು ಹೊಟ್ಟೆಯೊಳಗೆ ಹೋಗಿಯೂ ತನ್ನ ಕೆಲಸ ನಿಲ್ಲಿಸುವುದಿಲ್ಲ. ಏನೂ ತಿಳಿಯದ ಗೌಡಸಾನಿಯವರು ಪಾಪ ಎಂದು ಅಜವಾನ, ಸೈಂಧವ ಉಪ್ಪು ಕಟ್ಟಿ ಕಳಿಸಿದರು.

ನನ್ನ ಮೋಜು ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಅವತ್ತೇ ಮಧ್ಯಾಹ್ನ ಗೌಡರ ಮನೆಯ ಬಾಗಿಲಿಗೆ ಜೀಪು ಬಂತು. ಅಬಕಾರಿಯವರು ಇಬ್ಬರು. ಹೊಲದಲ್ಲಿ ಸಾರಾಯಿ ಕೊಳೆಹಾಕಿದ್ದಾರೆ ಎಂದು ಯಾರೋ ದೂರು ಕೊಟ್ಟಿದ್ದಾರೆ, ನೋಡಬೇಕು ಎಂದು ಮರ್ಯಾದೆಯಿಂದಲೇ ಹೇಳಿದರು. ಅವರ ಹಿಂದೆ ಊರಿಗೆ ಊರೇ ಹೊಲಕ್ಕೆ ಬಂದಿತು. ನಾನು ಹೊಂಡದ ಹತ್ತಿರವೇ ಇದ್ದೆ. ಸೆರಗು ಹೊದ್ದು, ಚಪ್ಪಲಿಯೂ ಇಲ್ಲದೆ ಗೌಡಸಾನಿಯವರು ಎಲ್ಲರ ಮುಂದೆ ನಡೆದು ಬರುತ್ತಿದ್ದರು.

ಇಬ್ಬರಲ್ಲಿ ಹಿರಿಯರು ಮುಚ್ಚಳ ತೆಗೆದು ಬಗ್ಗಿ ಮೂಸಿದರು.

"ಇದನ್ನ ಯಾರಿಗಂತ ಮಾಡೀರಿ ಅವ್ವಾರ?"

"ನೀರಿಗೆ" ಎಂದರು ಗೌಡಸಾನಿಯವರು.

"ನೀರು ಇದನ್ನ ಕುಡಿತೈತೇನ್ರಿ?"

"ನಿಮ್ಮ ಮುಂದ ಕುಡಸ್ತೀನಿ. ನಿಂತು ನೋಡ್ರಿ."

ಮೀನುಗಾರಿಕೆಯ ಸಾಹೇಬರಿಗೆ ಫೋನು ಹಚ್ಚಿ ಅಬಕಾರಿಯ ಹಿರಿಯರ ಕೈಗೆ ಕೊಟ್ಟರು. ಆ ಕಡೆಯಿಂದ ಸಾಹೇಬರು ಏನು ಹೇಳಿದರೋ, ಹಿರಿಯರು ಹೂಂ ಹೂಂ ಎನ್ನುತ್ತ ಕೊನೆಗೆ ನಕ್ಕೇಬಿಟ್ಟರು. ಆದರೂ ಬಂದದ್ದಕ್ಕೆ ಒಮ್ಮೆ ನೋಡಿಯೇ ಹೋಗುತ್ತೇವೆ ಎಂದರು. ಕೂಲಿ ಹೆಂಗಸರು, ನಾನು, ಗೌಡಸಾನಿಯವರು ಕೊಡದಲ್ಲಿ ತುಂಬಿ ತುಂಬಿ ದಂಡೆಯ ಸುತ್ತ ನಡೆಯುತ್ತ ಮೂರೂ ಡ್ರಮ್ಮನ್ನು ಹೊಂಡಕ್ಕೆ ಸುರಿದೆವು. ಮೂರನೆಯದು ಖಾಲಿಯಾದಾಗ ದಂಡೆಯ ಮೇಲೆ ನಿಂತ ಗಂಡಸರ ಸಾಲಿನಿಂದ ಒಂದು ನಿಟ್ಟುಸಿರು ಎದ್ದಿತು. ಅಷ್ಟು ಜನ ಒಟ್ಟಿಗೆ ನಿಟ್ಟುಸಿರು ಬಿಟ್ಟದ್ದನ್ನು ನಾನು ಇನ್ನೆಲ್ಲೂ ಕೇಳಿಲ್ಲ.

ಜೀಪು ಹೋಯಿತು, ಜನ ಕರಗಿದರು. ಗೌಡಸಾನಿಯವರು ಕೊಡ ಬೋರಲು ಹಾಕಿ, ಇವರಿಗೆಲ್ಲ ಇದು ಸಾರಾಯಿ ಎಂದು ಹೇಳಿದವರು ಯಾರಿರಬಹುದು ಎಂದು ನನ್ನನ್ನೇ ಕೇಳಿದರು. ನಾನು ಸುಳ್ಳು ಹೇಳಬಹುದಿತ್ತು. ಹೇಳಲಾಗಲಿಲ್ಲ. ಸಾರಾಯಿ ಎನ್ನಲಿಲ್ಲ ಅಕ್ಕಾರ, ಆದರೆ ಹಾಗೆ ತಿಳಿಯಲಿ ಎಂದೇ ದನಿ ತಗ್ಗಿಸಿ ಹೇಳಿದೆ ಎಂದು ಎಲ್ಲ ಬಿಚ್ಚಿಟ್ಟೆ. ಅವರು ಬಯ್ಯಲಿಲ್ಲ.

"ಮನಿ ಬಾಗಿಲಿಗೆ ಜೀಪು ಬಂತು, ತಂಗಿ" ಎಂದರು. ಅಷ್ಟೇ ಹೇಳಿ ಮನೆಯ ಕಡೆ ನಡೆದರು.

ನಾನು ಸಣ್ಣಗೌಡ್ರಿಗೆ ಆಡಿದ ಆಟ ಬಿದ್ದದ್ದು ಇವರ ಹೊಸ್ತಿಲ ಮೇಲೆ. ಅಬಕಾರಿಯವರು ಬಾಗಿಲು ಬಡಿದಾಗ ಆ ಮನೆಯೊಳಗೆ ಏನಾಗಿರಬೇಕು ಎಂದು ನಾನು ಯೋಚಿಸಿಯೇ ಇರಲಿಲ್ಲ. ಎರಡು ದಿನ ಅವರ ಫೋನು ಬರಲಿಲ್ಲ. ಅಂಗಡಿಯಲ್ಲಿ ಕುಳಿತು ಒಬ್ಬರ ಜಂಪರಿಗೆ ಎಡಗಡೆಯ ತೋಳನ್ನು ಬಲಗಡೆಗೆ ಹಚ್ಚಿ, ಬಿಚ್ಚಿ, ಮತ್ತೆ ಬಲಗಡೆಗೇ ಹಚ್ಚಿದೆ. ನಮ್ಮ ಯಜಮಾನರು, ಹೋಗಿ ಕಾಲು ಹಿಡಿ, ಇಲ್ಲವೆಂದರೆ ಊರಿನ ಹೆಂಗಸರೆಲ್ಲ ಉಲ್ಟಾ ತೋಳು ಹಾಕಿಕೊಂಡು ತಿರುಗುವಂತಾಗುತ್ತದೆ ಎಂದರು.

ಮೂರನೇ ದಿನ ಬಸ್ಸು ಹತ್ತಿ ಹೋದೆ. ಆ ಹೊತ್ತಿಗೆ ಸರಪಳಿ ಎಳೆಯುವ ಕೆಲಸ ಶುರುವಾಗಿತ್ತು. ಉದ್ದ ಹಗ್ಗಕ್ಕೆ ಸರಪಳಿ ಕಟ್ಟಿ, ಎರಡು ದಂಡೆಗಳಲ್ಲಿ ಇಬ್ಬರು ಹಿಡಿದು, ಹೊಂಡದ ತಳಕ್ಕೆ ತಾಗುವಂತೆ ಎಳೆದುಕೊಂಡು ಹೋಗಬೇಕು. ತಳದಲ್ಲಿ ಕೂತದ್ದು ಮೇಲೇಳುತ್ತದೆ, ನೀರಿಗೆ ಬಣ್ಣ ಬೇಗ ಹಿಡಿಯುತ್ತದೆ. ಈ ದಂಡೆಯಲ್ಲಿ ಗೌಡಸಾನಿಯವರು. ಆ ದಂಡೆಯಲ್ಲಿ ಹಗ್ಗ ಹೆಗಲ ಮೇಲೆ ಹಾಕಿಕೊಂಡು, ತಲೆ ತಗ್ಗಿಸಿ ಎಳೆಯುತ್ತಿದ್ದವರು ಸಣ್ಣಗೌಡ್ರು. ನನ್ನ ಡ್ರಮ್ಮಿನಿಂದ ಕುಡಿದವರು ಯಾರೆಂದು ನಾನು ಕೇಳುವುದಿಲ್ಲ, ಕುಡಿದವರು ತಾವಾಗಿ ಬಂದು ಹಗ್ಗ ಹಿಡಿಯಲಿ ಎಂದು ಗೌಡಸಾನಿಯವರು ಮನೆಯ ಕಟ್ಟೆಯ ಮೇಲೆ ನಿಂತು ಹೇಳಿದ್ದರಂತೆ. ಮರುದಿನ ಬೆಳಿಗ್ಗೆ ಏಳಕ್ಕೆ ಇವರು ಹಾಜರು.

ನಾನು ಹೋಗಿ ಗೌಡಸಾನಿಯವರ ಕೈಯಿಂದ ಹಗ್ಗ ತೆಗೆದುಕೊಂಡೆ. ಅವರು ಬಿಟ್ಟುಕೊಟ್ಟರು. ಹಗ್ಗ ಸಡಿಲ ಬಿಡಬೇಡ ಎಂದಷ್ಟೇ ಹೇಳಿ ಪಕ್ಕದಲ್ಲಿ ನಡೆಯತೊಡಗಿದರು. ಎರಡನೇ ಸುತ್ತಿನ ನಡುವೆ ಅವರು ನಿಂತರು.

"ಅಂವ, ಒಂದು ತಾಸು ಕುಂತು ಕೇಳಿದ್ನಲ್ಲ, ಅಂವನೂ ಅದಕ್ಕ ಬಂದಿದ್ನೇನ?"

"ಹೌದ್ರಿ ಅಕ್ಕಾರ."

"ತಿಳಿದಿಲ್ಲ, ಇನ್ನೊಮ್ಮೆ ಹೇಳ್ರಿ ಅಂದ. ನಾ ಮತ್ತ ಮೊದಲಿಂದ ಹೇಳಿದೆ."

ಹೇಳುತ್ತ ಹೇಳುತ್ತ ಅವರ ತುಟಿ ನಡುಗಿತು. ಆಮೇಲೆ ಸೊಂಟ ಹಿಡಿದುಕೊಂಡು, ಬಗ್ಗಿ, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನಾನೂ ಹಗ್ಗ ಹಿಡಿಯಲಾಗದೆ ದಂಡೆಯ ಮೇಲೆ ಕುಳಿತೆ. ಆ ಕಡೆ ಸಣ್ಣಗೌಡ್ರು ಹಗ್ಗ ಸಡಿಲಾಯಿತೆಂದು ತಿರುಗಿ ನೋಡಿ, ನಾವು ಯಾಕೆ ನಗುತ್ತಿದ್ದೇವೆ ಎಂದು ಊಹಿಸಿ, ಸ್ವಲ್ಪ ಹೊತ್ತು ಸಿಟ್ಟಿನಿಂದ ನಿಂತು, ಕೊನೆಗೆ ತಾವೂ ನಕ್ಕರು.

ದೂರು ಕೊಟ್ಟವರು ಯಾರೆಂದು ಇವತ್ತಿಗೂ ಗೊತ್ತಾಗಿಲ್ಲ. ನನ್ನ ಅನುಮಾನ ಕ್ಯಾನು ಹಿಡಿದು ಬಂದು ಖಾಲಿ ಕೈಯಲ್ಲಿ ಹೋದವರ ಮೇಲೆ.

ಆ ಸಲದ ಬೆಳೆ ಕೆಟ್ಟದೇನೂ ಆಗಲಿಲ್ಲ. ಮರಿಗಳು ಬಂದವು, ಬಹುಪಾಲು ಉಳಿದವು, ಬೆರಳುದ್ದ ಬೆಳೆದವು. ಕರಾವಳಿಯ ಕಡೆಯಿಂದ ಕೊಳ್ಳುವವರು ಬರ್ಫದ ಪೆಟ್ಟಿಗೆ ಹೇರಿಕೊಂಡು ಬಂದು ಒಯ್ದರು. ಈಗ ಎರಡನೇ ಸಲ ಹೊಂಡ ಒಣಗಿಸಿದ್ದೇವೆ. ಆದರೆ ಯಾರಾದರೂ ಮೊದಲ ಸಲದ್ದನ್ನು ಕೇಳಿದರೆ ನಾನು ಹೇಳುವುದು ಮರಿ ಬರುವ ಹಿಂದಿನ ದಿನದ ಕಥೆಯನ್ನು.

ಅಷ್ಟರಲ್ಲಿ ನೀರು ಚಹಾಕ್ಕೆ ಹಸಿರು ಕಲಸಿದಂಥ ಬಣ್ಣಕ್ಕೆ ಬಂದಿತ್ತು. ಸಾಹೇಬರು ಮೊಣಕೈವರೆಗೆ ತೋಳು ಮುಳುಗಿಸಿ, ಬೆರಳು ಕಾಣುತ್ತಿಲ್ಲ, ಹೊಂಡ ತಯಾರು ಎಂದು ಹೇಳಿ ಹೋಗಿದ್ದರು. ಮರಿಗಳ ಗಾಡಿ ಕರಾವಳಿಯ ಮರಿಕೇಂದ್ರದಿಂದ ಹೊರಟಾಗಿತ್ತು. ನಾವು ಸುತ್ತಲೂ ಬಲೆಯ ಬೇಲಿ ಕಟ್ಟಿ, ಹಕ್ಕಿ ಇಳಿಯದಂತೆ ಮೇಲೆ ದಾರ ಎಳೆದಿದ್ದೆವು. ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದರೆ ಹೊಂಡದ ನಡುಮಧ್ಯದಲ್ಲಿ ಗೌಡರ ಎಮ್ಮೆ. ಬೇಲಿ ತಳ್ಳಿ ಒಳಗೆ ಹೋಗಿ, ಕುತ್ತಿಗೆಯವರೆಗೆ ಮುಳುಗಿ, ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತಿತ್ತು. ಬೆಲ್ಲ ತಿಂದ ನೀರು ಅದಕ್ಕೂ ಹಿಡಿಸಿರಬೇಕು.

ಕರೆದರೆ ಬರಲಿಲ್ಲ, ಹಿಂಡಿ ತೋರಿಸಿದರೂ ಬರಲಿಲ್ಲ. ಅದು ಗೌಡರ ಮಾತನ್ನು ಮಾತ್ರ ಕೇಳುತ್ತದೆ. ಹೊಂಡದ ಕೆಲಸದ ಬಗ್ಗೆ ಅಲ್ಲಿಯವರೆಗೆ ಒಂದು ಮಾತೂ ಆಡದೆ ಇದ್ದ ಗೌಡರು ಬಂದು, ಇಸ್ತ್ರಿ ಮಾಡಿದ ಧೋತರದಲ್ಲೇ ಎದೆಮಟ್ಟ ನೀರಿಗೆ ಇಳಿದು, ಎಮ್ಮೆಯ ಕಿವಿಯಲ್ಲಿ ಏನೋ ಹೇಳಿ, ಅದರ ಜೊತೆ ಮೆಲ್ಲಗೆ ಹೊರಗೆ ಬಂದರು. ಹೊರಗೆ ಬರುವ ಮೊದಲು ಎಮ್ಮೆ ಮಾಡಬೇಕಾದ ಇನ್ನೊಂದು ಕೆಲಸವನ್ನೂ ಮುಗಿಸಿಯೇ ಬಂತು. ಅದನ್ನು ನಾನು ಕಂಡೆ, ಸಣ್ಣಗೌಡ್ರು ಕಂಡರು, ಗೌಡಸಾನಿಯವರೂ ಕಂಡರು.

ಸಾಹೇಬರಿಗೆ ಹೇಳದೆ ಇರುವಂತಿರಲಿಲ್ಲ. ಗೌಡಸಾನಿಯವರು ಫೋನು ಹಚ್ಚಿದರು. ಆ ಕಡೆ ಸಾಹೇಬರು ತಲೆ ಹಿಡಿದುಕೊಂಡಂತೆ ಕೇಳಿಸಿತು. ನೀರು ಕಲಕಿದ್ದು ನಾಳೆಗೆ ಸರಿಹೋಗುತ್ತದೆ, ಅದು ದೊಡ್ಡ ಮಾತಲ್ಲ, ಆದರೆ ಎಮ್ಮೆ ಒಳಗೆ ಸಗಣಿಗಿಗಣಿ ಹಾಕಿಲ್ಲ ತಾನೆ ಎಂದು ಕೇಳಿದರು.

ಆ ಹೊತ್ತಿಗೆ ಸಣ್ಣಗೌಡ್ರು ಅಂಗಿ ಕಳಚಿ, ಪುಟ್ಟಿ ಹಿಡಿದು, ಸೊಂಟಮಟ್ಟ ನೀರಿನಲ್ಲಿ ತೇಲುತ್ತಿದ್ದುದನ್ನು ಒಂದೊಂದಾಗಿ ಎತ್ತುತ್ತಿದ್ದರು. ಗೌಡಸಾನಿಯವರು ಅವರನ್ನೇ ನೋಡುತ್ತ, ಇನ್ನೂ ಅತ್ತ ಒಂದಿದೆ ಎಂದು ಕೈಯಿಂದ ತೋರಿಸುತ್ತ, ಫೋನಿಗೆ ಬಹಳ ಗಂಭೀರವಾಗಿ ಹೇಳಿದರು.

"ನಮ್ಮ ಎಮ್ಮಿ ಅಂಥಾದ್ದಲ್ರಿ, ಸಾಹೇಬ್ರ."